‘ಸ್ವಲ್ಪ ಅಡ್ಜಸ್ಟ್’ ಮಾಡಿಕೊಳ್ಳುವವರು ಯಾರು? ಕ್ಯಾರವಾನಿನ ಹಾಸಿಗೆಯ ಕುರಿತು ಒಂದು ತಕರಾರು



ಮರುಭೂಮಿಗೆ ಮತ್ತೆ ಚಳಿಗಾಲ ಕಾಲಿಟ್ಟಿದೆ. ಬೇಸಿಗೆಯುದ್ದಕ್ಕೂ ಎ.ಸಿ.ಯ ಕೆಳಗೆ ಮುದುಡಿ ಕುಳಿತಿದ್ದ ನಾವೆಲ್ಲರೂ ಆಕಾಶ ನೋಡಲು ಹೊರಡುವ ಕಾಲವಿದು. ಮಕ್ಕಳ ಶಾಲೆಗಳಿಗೆ ರಜೆ ಹತ್ತಿರವಾಗುತ್ತಿದ್ದಂತೆ ನಮ್ಮ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಬಾಡಿಗೆ ಕ್ಯಾರವಾನುಗಳ ಚಿತ್ರಗಳು ಹರಿದಾಡತೊಡಗಿವೆ. ‘ಆರು ಮಂದಿಗೆ ಸಾಕು’, ‘ಎಂಟು ಮಂದಿಗೂ ಆದೀತು’, ‘ಅಡುಗೆಮನೆ ಭರ್ಜರಿಯಾಗಿದೆ’, ‘ಟಿ.ವಿ. ಕೂಡ ಇದೆ’ ಎಂಬ ಒಕ್ಕಣೆಗಳನ್ನು ನಾವೂ ಓದುತ್ತಿದ್ದೇವೆ. ಕೊನೆಗೆ ಯಾರಾದರೊಬ್ಬರು ಬರೆಯುವ ಮಾತು ಮಾತ್ರ ಪ್ರತಿ ವರ್ಷವೂ ಒಂದೇ: ‘ಎರಡು ರಾತ್ರಿ ತಾನೇ, ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡರಾಯಿತು.’

ನಮ್ಮ ತಕರಾರು ಇರುವುದು ಈ ಮಾತಿನ ಮೇಲೆ. ಕ್ಯಾರವಾನಿನ ಮೇಲಾಗಲಿ, ಪ್ರವಾಸದ ಮೇಲಾಗಲಿ ಅಲ್ಲ. ನಾವು ಎಂ.ಬಿ.ಬಿ.ಎಸ್. ಓದಿದ ಸಾಮಾನ್ಯ ವೈದ್ಯರು. ಸಂಘದ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ ಅಳೆಯುತ್ತ, ಸಕ್ಕರೆಯ ಮಾತ್ರೆಗಳ ಲೆಕ್ಕ ಕೇಳುತ್ತ ಕುಳಿತಿರುವವರು. ನಲವತ್ತು ದಾಟಿದ ಮೇಲೆ ನಮಗೆ ತಿಳಿದ ಒಂದು ಸಂಗತಿಯನ್ನು ಇಲ್ಲಿ ನೇರವಾಗಿ ಹೇಳಬಯಸುತ್ತೇವೆ. ‘ಅಡ್ಜಸ್ಟ್’ ಎಂಬುದು ಮನೆಮಂದಿಯೆಲ್ಲ ಸಮನಾಗಿ ಹಂಚಿಕೊಳ್ಳುವ ಕಷ್ಟವಲ್ಲ. ಅದು ಪ್ರತಿ ಬಾರಿಯೂ ಅದೇ ಇಬ್ಬರು ಮೂವರ ಪಾಲಿಗೆ ಬೀಳುತ್ತದೆ. ಅದು ಯಾರ ಪಾಲಿಗೆ ಬೀಳಬೇಕೆಂಬುದನ್ನು ನಿರ್ಧರಿಸುವುದು ಕ್ಯಾರವಾನಿನ ಒಳವಿನ್ಯಾಸ.

ಕಿಟಕಿಯ ಪಕ್ಕದ ಗೌರವ

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ಕಳೆದ ಚಳಿಗಾಲದಲ್ಲಿ ರಿಯಾದಿನಿಂದ ಹಾಯಿಲ್ ಮಾರ್ಗವಾಗಿ ಅಲ್‌ಉಲಾಕ್ಕೆ ಹೊರಟೆವು. ಒಂದು ದಿಕ್ಕಿಗೇ ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. ನಾವಿಬ್ಬರು, ಇಬ್ಬರು ಮಕ್ಕಳು, ಊರಿನಿಂದ ಬಂದಿದ್ದ ಅಮ್ಮ, ಒಟ್ಟು ಐವರು. ಬಾಡಿಗೆಗೆ ಪಡೆದದ್ದು ಎಂಜಿನ್ ಸಹಿತವಾದ ‘ಆರು ಬರ್ತಿನ’ ವಾಹನ. ಲೆಕ್ಕದ ಪ್ರಕಾರ ಒಂದು ಹಾಸಿಗೆ ಹೆಚ್ಚೇ ಇತ್ತು. ಆದರೂ ಆ ಪ್ರವಾಸದಲ್ಲಿ ಇಬ್ಬರಿಗೆ ನಿದ್ರೆಯೇ ಸಿಗಲಿಲ್ಲ.

ವಾಹನದ ಹಿಂಭಾಗದಲ್ಲಿ ಒಂದು ಕಾಯಂ ಹಾಸಿಗೆ ಇತ್ತು. ಅದರ ಕೆಳಗೆ ಸಾಮಾನಿನ ಗೂಡು ಇದ್ದುದರಿಂದ ಹಾಸಿಗೆ ಎದೆಯೆತ್ತರದಲ್ಲಿತ್ತು. ಮೂರು ಮೆಟ್ಟಿಲು ಹತ್ತಬೇಕು. ಮಂಡಿನೋವಿರುವ ಅಮ್ಮನಿಗೆ ಅದು ಬೇಡವೆಂದು ನಾವೇ ಅಲ್ಲಿ ಮಲಗಿದೆವು. ಚಾಲಕನ ತಲೆಯ ಮೇಲಿನ ಅಟ್ಟದಂತಹ ಹಾಸಿಗೆ ಮಗನಿಗಾಯಿತು. ನಡುವೆ ಊಟದ ಮೇಜು. ಮೇಜನ್ನು ಕೆಳಗಿಳಿಸಿ, ಎರಡು ಕಡೆಯ ಆಸನಗಳ ದಿಂಬುಗಳನ್ನು ಅದರ ಮೇಲೆ ಜೋಡಿಸಿದರೆ ಇಬ್ಬರ ಹಾಸಿಗೆ. ಅಲ್ಲಿ ಅಮ್ಮ ಮತ್ತು ಮಗಳು. ಅಮ್ಮನಿಗೆ ಗೌರವದಿಂದ ಕಿಟಕಿಯ ಪಕ್ಕದ ಜಾಗ ಕೊಟ್ಟೆವು.

ಆ ಗೌರವದ ಅರ್ಥವೇನೆಂಬುದು ಎರಡನೆಯ ದಿನ ತಿಳಿಯಿತು. ಕಿಟಕಿಯ ಪಕ್ಕವೆಂದರೆ ಒಳಬದಿ. ಶೌಚಕ್ಕೆ ಏಳಬೇಕಾದರೆ ನಿದ್ದೆಯಲ್ಲಿರುವ ಮೊಮ್ಮಗಳನ್ನು ದಾಟಿ ಬರಬೇಕು. ಮಗುವಿನ ನಿದ್ದೆ ಕೆಡಿಸಬಾರದೆಂದು ಅಮ್ಮ ಸಂಜೆ ನಾಲ್ಕರ ನಂತರ ನೀರು ಕುಡಿಯುವುದನ್ನೇ ನಿಲ್ಲಿಸಿದ್ದರು. ಯಾರಿಗೂ ಹೇಳಿರಲಿಲ್ಲ. ಬಿ.ಪಿ.ಗೆಂದು ಅವರು ತೆಗೆದುಕೊಳ್ಳುವ ಮಾತ್ರೆ ಮೂತ್ರ ಹೆಚ್ಚಿಸುವ ಬಗೆಯದು. ಒಣಗಾಳಿ, ಕಡಿಮೆ ನೀರು, ಮೇಲೆ ಆ ಮಾತ್ರೆ. ಮರುದಿನ ಬೆಳಿಗ್ಗೆ ವಾಹನದಿಂದ ಇಳಿಯುವಾಗ ಕಣ್ಣು ಕತ್ತಲೆ ಬಂದು ಬಾಗಿಲಿಗೆ ಒರಗಿದರು. ಹಿಡಿದುಕೊಳ್ಳಲು ನಾವು ಪಕ್ಕದಲ್ಲಿದ್ದೆವು. ಅದು ನಮ್ಮ ಪುಣ್ಯ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮುಂದೇನೆಂಬುದನ್ನು ವೈದ್ಯರಾದ ನಮಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ದಿನವೂ ಇತರರ ತಾಯಂದಿರಿಗೆ ‘ನೀರು ಚೆನ್ನಾಗಿ ಕುಡಿಯಿರಿ’ ಎಂದು ಉಪದೇಶಿಸುವ ನಾವು ನಮ್ಮ ತಾಯಿಗೆ ನೀರು ಕುಡಿಯಲಾಗದಂತಹ ಹಾಸಿಗೆ ಹಾಸಿದ್ದೆವು.

ಇನ್ನೊಂದು ಸಂಗತಿಯೂ ಆಗ ನಮ್ಮ ಗಮನಕ್ಕೆ ಬಂತು. ಮೇಜೇ ಹಾಸಿಗೆಯಾದ ಕಡೆ, ಎಲ್ಲರ ಹರಟೆ ಮುಗಿಯುವ ತನಕ ಹಾಸಿಗೆ ಇಲ್ಲ. ನಾವು ಚಹಾ ಕುಡಿಯುತ್ತ, ಮಕ್ಕಳು ಇಸ್ಪೀಟಾಡುತ್ತ ಹನ್ನೊಂದೂವರೆಯವರೆಗೆ ಕುಳಿತಿದ್ದೆವು. ಅಮ್ಮ ಶಾಲು ಹೊದ್ದು ಮೂಲೆಯಲ್ಲಿ ತೂಕಡಿಸುತ್ತಿದ್ದರು. ಬೆಳಿಗ್ಗೆ ತಿಂಡಿಗೆ ಮೇಜು ಬೇಕು. ಹಾಗಾಗಿ ಎಲ್ಲರಿಗಿಂತ ಮೊದಲು ಏಳಬೇಕಾದವರೂ ಅವರೇ. ಮೇಜಿನ ಹಾಸಿಗೆಯಲ್ಲಿ ಮಲಗುವವರು ಕೊನೆಗೆ ಮಲಗಿ ಮೊದಲು ಏಳುತ್ತಾರೆ. ಇದು ಯಾರ ದುರುದ್ದೇಶವೂ ಅಲ್ಲ, ಆ ವಿನ್ಯಾಸದ ಗುಣ. ಹೀಗಿದ್ದರೂ ನಮ್ಮ ಮನೆಗಳಲ್ಲಿ ಆ ಹಾಸಿಗೆಯನ್ನು ಯಾರಿಗೆ ಕೊಡುತ್ತೇವೆಂದು ನೋಡಿ: ಬೇಡವೆನ್ನಲು ಬಾರದವರಿಗೆ.

ಎಚ್ಚರವಾಗಿರಬೇಕಾದವರ ನಿದ್ರೆ

ನಿದ್ರೆ ಕಳೆದುಕೊಂಡ ಎರಡನೆಯವರು ನಾವೇ, ಅಂದರೆ ಚಾಲಕರು. ಹಿಂಭಾಗದ ಹಾಸಿಗೆ ಅಡ್ಡಡ್ಡವಾಗಿತ್ತು. ಒಂದು ಬದಿಗೆ ಗೋಡೆ. ಗೋಡೆಯ ಕಡೆ ಮಲಗಿದವರು ಎದ್ದಾಗಲೆಲ್ಲ ಇನ್ನೊಬ್ಬರ ಮೇಲೆ ಹಾದು ಇಳಿಯಬೇಕು. ಹಾಸಿಗೆಯ ಉದ್ದವೂ ನಮ್ಮ ಎತ್ತರಕ್ಕಿಂತ ಕಡಿಮೆಯಿದ್ದುದರಿಂದ ರಾತ್ರಿಯಿಡೀ ಕಾಲು ಮಡಚಿಯೇ ಇದ್ದೆವು. ಎರಡು ರಾತ್ರಿ ಸೇರಿ ಆರೇಳು ಗಂಟೆ ನಿದ್ರೆಯಾಗಿರಬಹುದು. ಮರಳುವ ದಾರಿಯಲ್ಲಿ ಮಧ್ಯಾಹ್ನದ ಊಟದ ನಂತರ, ನೇರವಾದ ಹೆದ್ದಾರಿಯಲ್ಲಿ, ಚಕ್ರಗಳು ರಸ್ತೆಯಂಚಿನ ಉಬ್ಬುಪಟ್ಟಿಯ ಮೇಲೇರಿ ಗರಗರ ಸದ್ದಾದಾಗಲೇ ನಾವು ಕಣ್ಣು ಬಿಟ್ಟದ್ದು. ಎಷ್ಟು ಹೊತ್ತು ಕಣ್ಣು ಮುಚ್ಚಿತ್ತೋ ಈಗಲೂ ಗೊತ್ತಿಲ್ಲ. ಹಿಂದಿನ ಸೀಟುಗಳಲ್ಲಿ ಮಕ್ಕಳು ಹಾಡುತ್ತಿದ್ದರು.

ಇದು ನಮ್ಮೊಬ್ಬರ ದೌರ್ಬಲ್ಯವೆಂದು ಭಾವಿಸಬೇಡಿ. ಹದಿನೇಳರಿಂದ ಹತ್ತೊಂಬತ್ತು ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆಯ ವೇಗವು ರಕ್ತದಲ್ಲಿ 0.05 ಶೇಕಡಾ ಮದ್ಯಸಾರವಿರುವವರಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ ಕುಗ್ಗುತ್ತದೆಂದು ಆಸ್ಟ್ರೇಲಿಯದ ಸಂಶೋಧಕರು 2000ದಲ್ಲೇ ಪ್ರಕಟಿಸಿದ್ದಾರೆ. ಎಷ್ಟೋ ದೇಶಗಳಲ್ಲಿ ವಾಹನ ಚಾಲಕರಿಗೆ ಕಾನೂನು ವಿಧಿಸಿರುವ ಮಿತಿ ಅದೇ ಅಂಕಿ. ಮದ್ಯದ ವಾಸನೆಯೂ ಇಲ್ಲದ ನಾಡಿನಲ್ಲಿ ನಾವು ನಿದ್ರೆಗೆಟ್ಟ ಅಮಲಿನಲ್ಲಿ ಕುಟುಂಬವನ್ನು ಕೂರಿಸಿಕೊಂಡು ಹೋಗುತ್ತೇವೆ. ಕಾಫಿ ಕುಡಿದರೆ, ಕಿಟಕಿ ತೆರೆದರೆ, ಹಾಡು ಜೋರು ಮಾಡಿದರೆ ಸರಿಹೋಗುತ್ತದೆಂಬ ನಂಬಿಕೆ ಹುಸಿ. ಕಾಫಿ ಸ್ವಲ್ಪ ಹೊತ್ತು ಕಣ್ಣು ತೆರೆಸಬಹುದು. ನಿದ್ರೆಯ ಸಾಲವನ್ನು ತೀರಿಸಲಾರದು. ಆ ಸಾಲಕ್ಕೆ ನಿದ್ರೆಯೊಂದೇ ಪಾವತಿ.

ಆದ್ದರಿಂದ ನಮ್ಮ ವಾದದ ಮುಖ್ಯಾಂಶ ಇಷ್ಟು: ಕ್ಯಾರವಾನನ್ನು ಹಗಲಿನ ಚಿತ್ರ ನೋಡಿ ಆರಿಸಬೇಡಿ, ರಾತ್ರಿಯ ಲೆಕ್ಕ ಹಾಕಿ ಆರಿಸಿ. ಆ ಲೆಕ್ಕವನ್ನು ಎಷ್ಟು ಮಂದಿ ಮಲಗಬಹುದು ಎಂಬಲ್ಲಿಂದಲ್ಲ, ಯಾರು ಎಲ್ಲಿ ಮಲಗಬೇಕು ಎಂಬಲ್ಲಿಂದ ಆರಂಭಿಸಿ. ಊರಿನಲ್ಲಿ ಮೂವತ್ತು–ನಲವತ್ತರ ನಿವೇಶನ ಕೊಳ್ಳುವಾಗ ಮೂಲೆ ಮೂಲೆಗೂ ಹಗ್ಗ ಹಿಡಿದು, ಬಾಗಿಲು ಯಾವ ದಿಕ್ಕಿಗೆ, ಒಲೆ ಯಾವ ದಿಕ್ಕಿಗೆ ಎಂದು ತಿಂಗಳುಗಟ್ಟಲೆ ಚರ್ಚಿಸುವ ನಾವು, ಮನೆಮಂದಿಯ ಜೀವವನ್ನೇ ಹೊತ್ತು ಓಡುವ ಮನೆಯನ್ನು ಎರಡು ಚಿತ್ರ ನೋಡಿ ಒಪ್ಪಿಕೊಳ್ಳುವುದು ಸರಿಯೇ?

ಹಳೆಯ ಕ್ಯಾರವಾನಿಗೆ ತಿಳಿದಿದ್ದ ಮಾತು

ಕ್ಯಾರವಾನ್ ಎಂಬ ಮಾತು ಪಾರಸಿಯ ‘ಕಾರ್ವಾನ್’ನಿಂದ ಬಂದದ್ದು. ಸಾಲುಗಟ್ಟಿ ಸಾಗುವ ಒಂಟೆಗಳ ಸಾರ್ಥ ಎಂದರ್ಥ. ನಾವು ನೋಡಲು ಹೋಗುವ ಅಲ್‌ಉಲಾ ಬಳಿಯ ಹೆಗ್ರಾ ಅಂತಹ ಸಾರ್ಥಗಳ ವ್ಯಾಪಾರದಿಂದಲೇ ಬೆಳೆದ ನಬಾತಿಯರ ಪಟ್ಟಣ. 2008ರಲ್ಲಿ ಸೌದಿ ಅರೇಬಿಯದಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೊದಲ ತಾಣ.

ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡು ಬರೆದಿಟ್ಟ ಇಬ್ನ್ ಬತೂತಾ, ಅದಕ್ಕೂ ಮೊದಲು, 1326ರಲ್ಲಿ, ಹಜ್ ಮುಗಿಸಿ ಇರಾಕಿನ ಸಾರ್ಥದೊಡನೆ ಇದೇ ಮರುಭೂಮಿಯನ್ನು ದಾಟಿದ. ಸಾರ್ಥದ ನಾಯಕ ತನ್ನ ಹಣದಿಂದಲೇ ಅವನಿಗೆ ಒಂಟೆಯ ಮೇಲಿನ ಪಲ್ಲಕ್ಕಿಯೊಂದರ ಅರ್ಧಭಾಗವನ್ನು ಬಾಡಿಗೆಗೆ ಕೊಡಿಸಿದನೆಂದು ಅವನು ಬರೆದಿದ್ದಾನೆ. ಒಂಟೆಯ ಎರಡು ಬದಿಗೂ ತೂಗುವ ಆ ಪಲ್ಲಕ್ಕಿಯಲ್ಲಿ ಅತ್ತ ಒಬ್ಬರು, ಇತ್ತ ಒಬ್ಬರು. ಇಬ್ಬರ ಭಾರವೂ ಸರಿದೂಗಬೇಕು. ಸಾರ್ಥ ರಾತ್ರಿಯಲ್ಲಿ ಪಂಜು ಹೊತ್ತಿಸಿಕೊಂಡು ಸಾಗುತ್ತಿತ್ತು. ಪ್ರಯಾಣಿಕನೊಬ್ಬ ಎಲ್ಲಿ ಒರಗಬೇಕು, ಅವನ ಎದುರು ಬದಿಯಲ್ಲಿ ಯಾರಿರಬೇಕು ಎಂಬುದು ಹೊರಡುವ ಮೊದಲೇ ಇತ್ಯರ್ಥವಾಗುತ್ತಿತ್ತು. ಮಲಗುವ ಹೊತ್ತಿಗೆ ನೋಡಿಕೊಳ್ಳೋಣವೆಂದರೆ ಒಂಟೆ ಒಪ್ಪುತ್ತಿರಲಿಲ್ಲ!

ಅಷ್ಟು ದೂರವೇಕೆ, ನಮ್ಮ ರೈಲ್ವೆಯನ್ನೇ ನೋಡಿ. ಹಿರಿಯ ನಾಗರಿಕರಿಗೂ 45 ವರ್ಷ ದಾಟಿದ ಮಹಿಳೆಯರಿಗೂ ಕೆಳಗಿನ ಬರ್ತ್ ಕೊಡಲು ಭಾರತೀಯ ರೈಲ್ವೆ ಆದ್ಯತೆಯ ಕೋಟಾ ಇಟ್ಟಿದೆ. ಮುಖ ನೋಡದ ಗಣಕಯಂತ್ರಕ್ಕೆ ಇರುವಷ್ಟು ವಿವೇಕ, ಮುಖ ನೋಡಿ ಪ್ರೀತಿಸುವ ನಮಗೆ ಇರಬೇಡವೇ?

‘ಅಜ್ಜನ ಮನೆಯಲ್ಲಿ ಇಪ್ಪತ್ತು ಮಂದಿ ಸಾಲಾಗಿ ಚಾಪೆ ಹಾಸಿಕೊಂಡು ಮಲಗಿರಲಿಲ್ಲವೇ? ಆಗ ಯಾರಿಗೆ ಏನಾಯಿತು?’ ಎಂದು ಕೇಳುವವರಿದ್ದಾರೆ. ಮಲಗಿದ್ದೆವು, ಸುಖವಾಗಿಯೇ ಮಲಗಿದ್ದೆವು. ಆದರೆ ಆ ಪಡಸಾಲೆಯ ವ್ಯವಸ್ಥೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ನೆಲ ಸಮತಟ್ಟಾಗಿತ್ತು; ಬೀಳಲು ಎತ್ತರವೇ ಇರಲಿಲ್ಲ. ಗಾಳಿ ಎರಡು ಕಡೆಯಿಂದ ಆಡುತ್ತಿತ್ತು. ಕಾಲ ಬುಡದಲ್ಲಿ ನಡೆದಾಡಲು ದಾರಿಯಿತ್ತು. ಅಜ್ಜಿಯ ಹಾಸಿಗೆ ಬಾಗಿಲ ಬಳಿಯ ತನ್ನದೇ ಜಾಗದಲ್ಲಿ, ಚೊಂಬಿನ ನೀರು ಕೈಗೆಟಕುವಲ್ಲಿ ಇರುತ್ತಿತ್ತು. ಎಷ್ಟೇ ನೆಂಟರು ಬಂದರೂ ಆ ಜಾಗವನ್ನು ಯಾರೂ ಮುಟ್ಟುತ್ತಿರಲಿಲ್ಲ. ಮರುದಿನ ಬೆಳಗಾಗೆದ್ದು ಯಾರೂ ಆರುನೂರು ಕಿಲೋಮೀಟರ್ ವಾಹನ ಓಡಿಸಬೇಕಾಗಿಯೂ ಇರಲಿಲ್ಲ. ಪಡಸಾಲೆಯಲ್ಲಿದ್ದದ್ದು ‘ಅಡ್ಜಸ್ಟ್’ ಅಲ್ಲ, ವ್ಯವಸ್ಥೆ. ಅದನ್ನು ಮರೆತು ಇಕ್ಕಟ್ಟನ್ನು ಮಾತ್ರ ಪರಂಪರೆಯೆಂದು ಹೊತ್ತು ತರುವುದು ಅಜ್ಜಿಗೆ ಸಲ್ಲಿಸುವ ಗೌರವವಲ್ಲ.

ಆರಿಸುವ ಬಗೆ

ಬುಕ್ ಮಾಡುವ ಮುನ್ನ ಒಂದು ಚೀಟಿ ತೆಗೆದುಕೊಂಡು ನಾಲ್ಕು ಹೆಸರುಗಳನ್ನು ಈ ಕ್ರಮದಲ್ಲಿ ಬರೆಯಿರಿ: ಗುಂಪಿನ ಅತಿ ಹಿರಿಯರು, ವಾಹನ ಓಡಿಸುವವರು, ರಾತ್ರಿ ಏಳಲೇಬೇಕಾದವರು, ಅತಿ ಚಿಕ್ಕ ಮಗು. ರಾತ್ರಿ ಏಳುವವರೆಂದರೆ ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಪ್ರಾಸ್ಟೇಟ್ ತೊಂದರೆಯಿರುವ ಹಿರಿಯರು, ಹಾಲೂಡಿಸುವ ತಾಯಂದಿರು. ಈ ನಾಲ್ವರಿಗೂ ಜಾಗ ಗೊತ್ತಾದ ಮೇಲೆಯೇ ಉಳಿದವರ ವಿಚಾರ. ನಾಲ್ವರಲ್ಲಿ ಯಾರಿಗಾದರೂ ಜಾಗ ಸಿಗದಿದ್ದರೆ ಆ ಕ್ಯಾರವಾನ್ ನಿಮ್ಮದಲ್ಲ, ಅದರ ಅಡುಗೆಮನೆ ಎಷ್ಟೇ ಭರ್ಜರಿಯಾಗಿರಲಿ.

ಹಿರಿಯರಿಗೆ ಬೇಕಾದದ್ದು ಕುರ್ಚಿಯೆತ್ತರದ, ಕುಳಿತರೆ ಎರಡು ಪಾದಗಳೂ ನೆಲಕ್ಕೆ ತಾಗುವ ಕಾಯಂ ಹಾಸಿಗೆ. ಅವರು ಹೊರಬದಿಯಲ್ಲಿರಬೇಕು, ಶೌಚಾಲಯಕ್ಕೆ ಹೋಗಲು ಯಾರನ್ನೂ ದಾಟಬೇಕಾಗಬಾರದು, ದಾರಿಯಲ್ಲಿ ಮಂಕಾದ ರಾತ್ರಿದೀಪವಿರಬೇಕು. ಉದ್ದನೆಯ ಎರಡು ಆಸನಗಳು ಎದುರುಬದುರಾಗಿದ್ದು, ರಾತ್ರಿ ಅವೇ ಎರಡು ಪ್ರತ್ಯೇಕ ಹಾಸಿಗೆಗಳಾಗುವ ವಿನ್ಯಾಸ ಹಿರಿಯ ದಂಪತಿಗಳಿಗೆ ಹಲವು ಬಾರಿ ಒಳ್ಳೆಯದು. ಪ್ರತಿಯೊಬ್ಬರೂ ಇನ್ನೊಬ್ಬರನ್ನು ಎಬ್ಬಿಸದೆ ಏಳಬಹುದು. ಜೋಡಿ ಹಾಸಿಗೆಯೇ ಬೇಕೆಂದರೆ, ಮೂರು ಕಡೆಯಿಂದಲೂ ನಡೆದಾಡಲು ಜಾಗವಿರುವಂತೆ ನಡುವೆ ಇಟ್ಟದ್ದನ್ನು ಕೇಳಿ. ಗೋಡೆಗೆ ಒತ್ತಿದ ಅಡ್ಡ ಹಾಸಿಗೆಯಲ್ಲಿ ಒಳಬದಿಯವರಿಗೆ ಬಿಡುಗಡೆಯಿಲ್ಲ.

ಚಾಲಕರಿಗೆ ಮೇಜಿನ ಹಾಸಿಗೆ ಕೊಡಲೇಬೇಡಿ. ಎಲ್ಲರೂ ಹರಟುತ್ತಿರುವಾಗ ಬಾಗಿಲೋ ಪರದೆಯೋ ಎಳೆದುಕೊಂಡು ಹತ್ತು ಗಂಟೆಗೇ ಮಲಗಬಲ್ಲ ಜಾಗ ಅವರದಾಗಿರಲಿ. ಶೌಚಾಲಯ ನಡುವೆಯಿದ್ದು ಹಿಂಭಾಗದ ಮಲಗುವ ಕೋಣೆಯನ್ನು ಬೇರ್ಪಡಿಸುವ ವಿನ್ಯಾಸ ಇದಕ್ಕೆ ಅನುಕೂಲ. ಹಾಸಿಗೆಯ ಉದ್ದ ಅವರ ಎತ್ತರಕ್ಕಿಂತ ಹತ್ತು ಸೆಂಟಿಮೀಟರಾದರೂ ಹೆಚ್ಚಿರಲಿ. ಓಡಾಡಲು ಜಾಗ ಬಿಡಲೆಂದು ಕೆಲವು ಹಾಸಿಗೆಗಳ ಒಂದು ಮೂಲೆಯನ್ನು ಕತ್ತರಿಸಿರುತ್ತಾರೆ. ಚಿತ್ರದಲ್ಲಿ ಅದು ಕಾಣದು, ರಾತ್ರಿ ಪಾದಕ್ಕೆ ತಿಳಿಯುತ್ತದೆ. ಗೊರಕೆಯ ತೊಂದರೆಗೆಂದು ಸಿ-ಪ್ಯಾಪ್ ಯಂತ್ರ ಬಳಸುವವರಿದ್ದರೆ ತಲೆಯ ಬಳಿ ವಿದ್ಯುತ್ ಸಂಪರ್ಕವಿದೆಯೇ, ರಾತ್ರಿಯಿಡೀ ಬ್ಯಾಟರಿ ಬರುತ್ತದೆಯೇ ಎಂದು ಕೇಳಿ ತಿಳಿಯಿರಿ.

ಮಕ್ಕಳಿಗೆ ಮೇಲಿನ ಮಂಚವೆಂದರೆ ಪ್ರಾಣ. ಆದರೆ ಆರು ವರ್ಷ ತುಂಬದ ಮಗುವನ್ನು ಮೇಲ್ಮಂಚದಲ್ಲಿ ಮಲಗಿಸಬಾರದೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಎಚ್ಚರಿಸಿದೆ. ದೊಡ್ಡ ಮಕ್ಕಳಿಗೂ ತಡೆಗಂಬಿ ಬೇಕು. ಕಂಬಿಗೂ ಹಾಸಿಗೆಗೂ ನಡುವೆ ಮಗುವಿನ ದೇಹ ನುಸುಳುವಷ್ಟು ಸಂದಿರಬಾರದು. ಹಸುಗೂಸನ್ನು ಸೋಫಾದ ಮೆತ್ತೆಯ ಮೇಲೋ ಇಬ್ಬರು ದೊಡ್ಡವರ ನಡುವೆಯೋ ಮಲಗಿಸುವುದು ಅಪಾಯ. ಅದಕ್ಕೆ ಸಮತಟ್ಟಾದ, ಗಟ್ಟಿಯಾದ, ತನ್ನದೇ ಪುಟ್ಟ ಹಾಸಿಗೆ ಬೇಕು.

‘ಆರು ಬರ್ತ್’ ಎಂಬ ಅಂಕಿ ಎಷ್ಟು ದೇಹಗಳು ಅಡ್ಡಬೀಳಬಹುದು ಎಂಬುದನ್ನಷ್ಟೇ ಹೇಳುತ್ತದೆ. ಆರು ಸೀಟ್ ಬೆಲ್ಟುಗಳಿವೆಯೇ ಎಂಬುದು ಬೇರೆ ಪ್ರಶ್ನೆ, ಆರು ಮಂದಿಯ ಭಾರವನ್ನು ವಾಹನ ಹೊರಬಲ್ಲದೇ ಎಂಬುದು ಮತ್ತೊಂದು. ನೂರು ಲೀಟರ್ ನೀರೆಂದರೆ ನೂರು ಕಿಲೋ ಭಾರ ಎಂಬುದನ್ನು ಮರೆಯದಿರಿ. ಚಲಿಸುವಾಗ ಯಾರೂ ಹಾಸಿಗೆಯ ಮೇಲೆ ಮಲಗಕೂಡದು. ಕಾರಿನ ಹಿಂದೆ ಎಳೆದೊಯ್ಯುವ ಕ್ಯಾರವಾನಿನೊಳಗೆ ಯಾರೂ ಕೂರಲೂಕೂಡದು. ‘ಚಾಲಕರ ಸರದಿ ಬದಲಾಗುವಾಗ ಒಬ್ಬರು ಹಿಂದೆ ಮಲಗಿಕೊಳ್ಳಲಿ’ ಎಂಬ ಜಾಣತನವನ್ನು ದಯವಿಟ್ಟು ಮಾಡಬೇಡಿ.

ಕೊನೆಯದಾಗಿ, ಕ್ಯಾರವಾನ್ ನೋಡಲು ಹೋದಾಗ ಹಿರಿಯರನ್ನೂ ಚಾಲಕರನ್ನೂ ಜೊತೆಗೆ ಕರೆದೊಯ್ಯಿರಿ. ಚಪ್ಪಲಿ ಬಿಟ್ಟು, ಅವರವರ ಹಾಸಿಗೆಯಲ್ಲಿ ಹತ್ತು ನಿಮಿಷ ಮಲಗಿ, ದೀಪವಾರಿಸಿ ಶೌಚಾಲಯದವರೆಗೆ ನಡೆದು ಬರಲಿ. ಮಾಲೀಕರು ನಕ್ಕರೆ ನಗಲಿ. ಆ ಹತ್ತು ನಿಮಿಷ ನಮ್ಮ ಅಮ್ಮನಿಗೆ ಸಿಕ್ಕಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ.

ಬೆಚ್ಚಗಿನ ಸಾವು

ಹಾಸಿಗೆಯ ಮಾತು ಬಂದಾಗ ಚಳಿಯ ಮಾತೂ ಬರಲೇಬೇಕು. ಹಾಯಿಲ್, ತಬೂಕ್ ಕಡೆ ಜನವರಿಯ ರಾತ್ರಿಗಳು ಸೊನ್ನೆಯ ಹತ್ತಿರಕ್ಕೆ ಇಳಿಯುತ್ತವೆ. ಹೊರಗೆ ಇದ್ದಿಲ ಮೇಲೆ ಕೋಳಿ ಸುಟ್ಟು ತಿಂದ ಮೇಲೆ, ಇನ್ನೂ ಕೆಂಪಗಿರುವ ಕೆಂಡದ ಬಾಂಡಲಿಯನ್ನು ‘ಸ್ವಲ್ಪ ಬೆಚ್ಚಗಾಗಲಿ’ ಎಂದು ಒಳಗೆ ತಂದು ಬಾಗಿಲು ಮುಚ್ಚುವವರಿದ್ದಾರೆ. ಇದರ ವಿರುದ್ಧ ಇಲ್ಲಿನ ಸಿವಿಲ್ ಡಿಫೆನ್ಸ್ ಚಳಿಗಾಲದಲ್ಲಿ ಮತ್ತೆ ಮತ್ತೆ ಎಚ್ಚರಿಸುತ್ತಲೇ ಇರುತ್ತದೆ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆ ಬಂದೀತು. ನಿದ್ರಿಸುವವರಿಗೆ ಯಾವ ಮುನ್ಸೂಚನೆಯೂ ಇಲ್ಲ.

ಇಲ್ಲಿಯೂ ಒಳವಿನ್ಯಾಸಕ್ಕೆ ಪಾತ್ರವಿದೆ. ಗಾಳಿಗಿಂಡಿ ಎಲ್ಲಿದೆಯೆಂದು ನೋಡಿ. ಹಾಸಿಗೆ ಬಿಚ್ಚಿದಾಗ ದಿಂಬೋ ಕಂಬಳಿಯೋ ಅದನ್ನು ಮುಚ್ಚುವಂತಿದ್ದರೆ ಆ ಹಾಸಿಗೆ ಬೇಡ. ಮಲಗುವ ಜಾಗದ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆ ಇಲ್ಲದಿದ್ದರೆ ಒಂದನ್ನು ಕೊಂಡು ಒಯ್ಯಿರಿ. ಬಾಗಿಲಲ್ಲದೆ ಹೊರಬರಲು ಇನ್ನೊಂದು ದಾರಿ ಯಾವುದೆಂದು ಮಲಗುವ ಮುನ್ನ ಮಕ್ಕಳಿಗೆ ತೋರಿಸಿ. ಚಳಿಗೆ ಊರಿನ ಕೌದಿಗಿಂತ ಒಳ್ಳೆಯ ಔಷಧವಿಲ್ಲ. ಒಳಗಿದ್ದ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ ಅದನ್ನು ಪ್ರಯಾಣದ ಆಯಾಸವೆಂದು ತಳ್ಳಿಹಾಕದೆ ಎಲ್ಲರೂ ಹೊರಬನ್ನಿ, 997ಕ್ಕೆ ಕರೆ ಮಾಡಿ.

ಇನ್ನೊಂದು ಕ್ಯಾರವಾನ್

ಬಾಡಿಗೆ ವಾಹನದೊಡನೆ ಚಾಲಕರನ್ನೂ ಕರೆದುಕೊಂಡು ಹೋಗುವ ಕುಟುಂಬಗಳಿಗೆ ಒಂದು ಪ್ರಶ್ನೆ. ನಿಮ್ಮ ಚೀಟಿಯ ಎರಡನೆಯ ಹೆಸರು ಅವರದೇ ಅಲ್ಲವೇ? ಹಾಗಾದರೆ ಅವರ ಹಾಸಿಗೆ ಯಾವುದು? ‘ಅವರು ಸೀಟಿನಲ್ಲೇ ಮಲಗುತ್ತಾರೆ, ಅವರಿಗೆ ಅಭ್ಯಾಸವಿದೆ’ ಎಂಬ ಉತ್ತರವನ್ನು ನಾವು ಹಲವು ಸಲ ಕೇಳಿದ್ದೇವೆ. ನಿದ್ರೆಗೆಡುವುದು ಅಭ್ಯಾಸವಾಗುವ ಸಂಗತಿಯಲ್ಲ. ಅವರು ನಮ್ಮ ಕರಾವಳಿಯ ಹುಡುಗರಾಗಿರಲಿ, ಬೇರೆ ದೇಶದವರಾಗಿರಲಿ, ಅವರ ಕಣ್ಣುಗಳ ಮೇಲೆಯೇ ನಿಮ್ಮ ಮಕ್ಕಳ ಪ್ರಾಣ ನಿಂತಿದೆ.

ಈ ಪ್ರಶ್ನೆ ನಮ್ಮನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಈ ನಾಡಿನಲ್ಲಿ ‘ಕ್ಯಾರವಾನ್’ ಎಂದರೆ ವಿಹಾರದ ವಾಹನ ಮಾತ್ರವಲ್ಲ. ಕಾಮಗಾರಿಯ ಸ್ಥಳದಲ್ಲಿ ಇಳಿಸುವ ಪೋರ್ಟಾ ಕ್ಯಾಬಿನ್ನಿಗೂ ಇಲ್ಲಿ ಅದೇ ಹೆಸರು. ನಮ್ಮ ಮಂಗಳೂರು, ಉಡುಪಿ, ಭಟ್ಕಳ, ಕಲಬುರಗಿ ಕಡೆಯ ಎಷ್ಟೋ ಸಹೋದರರು ಮಲಗುವುದು ಆ ಕ್ಯಾರವಾನುಗಳಲ್ಲಿ. ಅದೂ ಎರಡು ರಾತ್ರಿಯಲ್ಲ, ಎರಡು ವರ್ಷ, ಹತ್ತು ವರ್ಷ. ಶಿಬಿರದಲ್ಲಿ ಅವರ ರಕ್ತದೊತ್ತಡ ಏರಿರುವುದನ್ನು ಕಂಡು ‘ಎಷ್ಟು ಗಂಟೆ ನಿದ್ರೆ ಮಾಡುತ್ತೀರಿ?’ ಎಂದು ಕೇಳಿದರೆ ಒಂದು ಕ್ಷಣ ಸುಮ್ಮನಾಗಿ, ‘ಅಡ್ಜಸ್ಟ್ ಆಗುತ್ತದೆ ಡಾಕ್ಟ್ರೇ’ ಎನ್ನುತ್ತಾರೆ.

ಆರು ಮೀಟರ್ ಉದ್ದ, ಎರಡೂಕಾಲು ಮೀಟರಿಗಿಂತ ತುಸು ಹೆಚ್ಚು ಅಗಲದ ಕ್ಯಾಬಿನ್ನಿನ ನೆಲ ಸುಮಾರು 14 ಚದರ ಮೀಟರ್. ಇಂಟರ್‌ನ್ಯಾಷನಲ್ ಫೈನಾನ್ಸ್ ಕಾರ್ಪೊರೇಷನ್ ಮತ್ತು ಯುರೋಪಿನ ಪುನರ್ನಿರ್ಮಾಣ ಬ್ಯಾಂಕುಗಳು ಕಾರ್ಮಿಕರ ವಸತಿಯ ಕುರಿತು 2009ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು ಒಬ್ಬರಿಗೆ 4ರಿಂದ 5.5 ಚದರ ಮೀಟರ್ ಜಾಗ, ಹಾಸಿಗೆಗಳ ನಡುವೆ ಒಂದು ಮೀಟರ್ ಅಂತರ ಎಂಬ ಅಳತೆಗಳನ್ನು ನೀಡುತ್ತದೆ. ಎರಡು ಅಂತಸ್ತಿನ ಮಂಚ ಸೂಕ್ತವಲ್ಲವೆಂದೂ, ಇಟ್ಟರೆ ನಡುವೆ 0.7 ಮೀಟರಾದರೂ ತೆರವಿರಬೇಕೆಂದೂ, ಮೂರು ಅಂತಸ್ತು ಕೂಡದೆಂದೂ ಹೇಳುತ್ತದೆ. ಪ್ರತಿ ಕಾರ್ಮಿಕನಿಗೂ ಪ್ರತ್ಯೇಕ ಹಾಸಿಗೆ ಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1961ರಷ್ಟು ಹಿಂದೆಯೇ ಶಿಫಾರಸು ಮಾಡಿದೆ. ಆ ಲೆಕ್ಕದಲ್ಲಿ ಮೇಲೆ ಹೇಳಿದ ಕ್ಯಾಬಿನ್ ಮೂವರದು. ನಾವು ನೋಡಿದ್ದರಲ್ಲಿ ಆರು ಮಂಚಗಳಿದ್ದವು. ರಾತ್ರಿ ಪಾಳಿಯವರೂ ಹಗಲು ಪಾಳಿಯವರೂ ಒಂದೇ ಕೋಣೆಯಲ್ಲಿದ್ದರು. ಒಬ್ಬರು ಮಲಗುವ ಹೊತ್ತಿಗೆ ಇನ್ನೊಬ್ಬರು ದೀಪ ಹಾಕುತ್ತಾರೆ.

ಇದನ್ನು ಇಲ್ಲಿ ಏಕೆ ಹೇಳುತ್ತಿದ್ದೇವೆಂದರೆ, ನಮ್ಮ ಸದಸ್ಯರಲ್ಲಿ ಎಂಜಿನಿಯರುಗಳಿದ್ದಾರೆ, ಖರೀದಿ ವಿಭಾಗದವರಿದ್ದಾರೆ, ಕ್ಯಾಂಪಿನ ಮೇಲ್ವಿಚಾರಕರಿದ್ದಾರೆ, ಸ್ವಂತ ಗುತ್ತಿಗೆ ನಡೆಸುವವರಿದ್ದಾರೆ. ಕ್ಯಾಬಿನ್ನಿನ ನಕ್ಷೆಗೆ ಸಹಿ ಹಾಕುವ ಕೈಗಳಲ್ಲಿ ಕೆಲವು ನಮ್ಮವೇ. ಮಾಲೀಕರ ಬಜೆಟ್ ನಿಮ್ಮ ಕೈಯಲ್ಲಿಲ್ಲದಿರಬಹುದು. ಆದರೆ ಒಂದು ಪಾಳಿಯವರನ್ನೆಲ್ಲ ಒಂದೇ ಕ್ಯಾಬಿನ್ನಿಗೆ ಸೇರಿಸುವುದಕ್ಕೆ, ಐವತ್ತು ದಾಟಿದವರಿಗೆ ಕೆಳಮಂಚ ಕೊಡುವುದಕ್ಕೆ, ಪ್ರತಿ ಮಂಚಕ್ಕೂ ಒಂದು ಪರದೆ ಹಾಕುವುದಕ್ಕೆ, ಮೇಲ್ಮಂಚದವರ ಮುಖಕ್ಕೆ ನೇರವಾಗಿ ಬೀಸುವ ಎ.ಸಿ.ಯ ರೆಕ್ಕೆಗಳನ್ನು ತಿರುಗಿಸುವುದಕ್ಕೆ ಎಷ್ಟು ರಿಯಾಲ್ ಬೇಕು? ಬೇಸಿಗೆಯ ಮೂರು ತಿಂಗಳು ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನಲ್ಲಿ ದುಡಿಸಬಾರದೆಂದು ಈ ನಾಡಿನ ಸರ್ಕಾರ ನಿಯಮ ಮಾಡಿದೆ. ನಿದ್ರೆಗೆಟ್ಟ ದೇಹಕ್ಕೆ ಬಿಸಿಲು ಇನ್ನಷ್ಟು ಬೇಗ ತಾಗುತ್ತದೆ. ಕೆಲಸಗಾರನ ಹಾಸಿಗೆಯೂ ಅವನ ಹೆಲ್ಮೆಟ್ಟಿನಂತೆ ಸುರಕ್ಷತೆಯ ಸಾಧನವೇ.

ವಿಹಾರದ ಕ್ಯಾರವಾನಿಗೂ ದುಡಿಮೆಯ ಕ್ಯಾರವಾನಿಗೂ ಅಂತರ ಬಹಳವಿದೆ, ಬಲ್ಲೆವು. ಆದರೆ ಎರಡರಲ್ಲಿಯೂ ನಡೆಯುವ ಅನ್ಯಾಯದ ಬಗೆ ಒಂದೇ. ನಕ್ಷೆ ನೋಡಿ ‘ಇಷ್ಟು ಮಂದಿಗೆ ಸಾಕು’ ಎನ್ನುವವರು ಒಬ್ಬರು, ಆ ಹಾಸಿಗೆಯಲ್ಲಿ ಮಲಗುವವರು ಇನ್ನೊಬ್ಬರು. ಆ ಇನ್ನೊಬ್ಬರು ಸಾಮಾನ್ಯವಾಗಿ ಮಾತಾಡುವುದಿಲ್ಲ. ಅಮ್ಮ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ, ಚಾಲಕರು ಕಣ್ಣಿಗೆ ನೀರು ಚಿಮುಕಿಸಿಕೊಳ್ಳುತ್ತಾರೆ, ಕಾರ್ಮಿಕ ಸಹೋದರರು ‘ಅಡ್ಜಸ್ಟ್ ಆಗುತ್ತದೆ’ ಎನ್ನುತ್ತಾರೆ.

ಈ ಬಾರಿ ನಮ್ಮ ಮನೆಯವರು ಮತ್ತೆ ಅಲ್‌ಉಲಾದ ಮಾತೆತ್ತಿದ್ದಾರೆ. ಅಮ್ಮ ಜನವರಿಯಲ್ಲಿ ಮತ್ತೆ ಬರಲಿದ್ದಾರೆ. ಚೀಟಿಯಲ್ಲಿ ಮೊದಲ ಹೆಸರು ಬರೆದಾಗಿದೆ. ಆ ಹೆಸರಿಗೆ ಹೊಂದುವ ಹಾಸಿಗೆ ಸಿಕ್ಕರೆ ಕ್ಯಾರವಾನ್, ಸಿಗದಿದ್ದರೆ ಹಾಯಿಲಿನಲ್ಲಿ ಒಂದು ರಾತ್ರಿ ಹೋಟೆಲಿನ ಕೋಣೆ. ಆಕಾಶವನ್ನು ಅಲ್ಲಿಂದಲೂ ನೋಡಬಹುದು. ನೀವೂ ನಿಮ್ಮ ಚೀಟಿಯನ್ನು ಬರೆದೇ ಹೊರಡಿರೆಂದು ಕೇಳಿಕೊಳ್ಳುತ್ತೇವೆ. ಪ್ರಯಾಣ ಸುಖಕರವಾಗಿರಲಿ, ನಿದ್ರೆಯೂ.